ಮೀಟರ್ ಮೊದಲು, ಮಿಕ್ಕಿದ್ದು ಆಮೇಲೆ

ಮಕ್ಕಳೇ, ನಿಮ್ಮ ಮನೆಯ ಅಟ್ಟದ ಮೇಲೆ ಒಮ್ಮೆ ಹುಡುಕಿ ನೋಡಿ. ಬೆಳಗದ ಟಾರ್ಚು, ಹಾಡದ ರೇಡಿಯೋ, ಚಾರ್ಜ್ ಹಿಡಿಯದ ಎಮರ್ಜೆನ್ಸಿ ದೀಪ ಸಿಕ್ಕರೂ ಸಿಗಬಹುದು. ಎಷ್ಟೋ ಸಲ ಕೆಟ್ಟಿರುವುದು ಒಂದು ತಂತಿ ಇಲ್ಲವೇ ಒಂದು ಸ್ವಿಚ್ಚು ಮಾತ್ರ. ಅದನ್ನು ಪತ್ತೆ ಹಚ್ಚುವ ಸಾಧನ ಎಲ್ಲರ ಮನೆಯಲ್ಲಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಊರಿಗೊಂದು ಕೂಡು ಕಾರ್ಯಾಗಾರವಿದ್ದರೆ ಸಾಕು.

ಇದು ಹೊಸ ಮಾತೇನಲ್ಲ. 2009ರಲ್ಲಿ ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟೀನ್ ಪೋಸ್ಟ್‌ಮಾ ಎಂಬ ಮಹಿಳೆ ‘ರಿಪೇರಿ ಕೆಫೆ’ ಆರಂಭಿಸಿದರು. ಕೆಟ್ಟ ವಸ್ತು ತಂದವರು ಬಲ್ಲವರ ಪಕ್ಕ ಕುಳಿತು, ನೋಡಿ ಕಲಿತು ಸರಿಮಾಡಿಕೊಳ್ಳುವ ಜಾಗ ಅದು. 2015ರಲ್ಲಿ ಬೆಂಗಳೂರಿಗೂ ಬಂತು. ನಮ್ಮ ದೇಶದ ಅನೇಕ ಶಾಲೆಗಳಲ್ಲಿ 6ರಿಂದ 12ನೇ ತರಗತಿಯವರಿಗಾಗಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳೂ ಇವೆ. ವಿರೂಪಾಪುರಗಡ್ಡೆಯಂಥ ಊರಿಗಂತೂ ಇಂಥದು ಬೇಕೇ ಬೇಕು. ತುಂಗಭದ್ರೆ ತುಂಬಿ ಬಂದರೆ ಆಚೆ ದಡದ ಹಂಪಿಗೆ ದೋಣಿ ನಿಲ್ಲುತ್ತದೆ. ಆಗ ಒಂದು ಸಣ್ಣ ರಿಪೇರಿಯೂ ದೊಡ್ಡ ಪ್ರಯಾಣವಾಗುತ್ತದೆ.

ಹತ್ತು ಮನೆಯವರು ಸೇರಿ ಹಣ ಕೂಡಿಸಿದರು ಎನ್ನಿ. ಮೊದಲು ಏನು ಕೊಳ್ಳಬೇಕು? ಅಂಗಡಿಯಲ್ಲಿ ಕಣ್ಣು ಸೆಳೆಯುವುದು ಆಸಿಲೋಸ್ಕೋಪ್. ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುತ್ತದೆ. 1897ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ರೌನ್ ಮಾಡಿದ ಕೊಳವೆಯೇ ಇದರ ಮೂಲ. ಬೆರಗಿನ ಯಂತ್ರ ನಿಜ. ಆದರೆ ಟಾರ್ಚಿನ ಕಡಿದ ತಂತಿ ಹುಡುಕಲು ಅದು ಬೇಡ.

ಮೊದಲು ಬೇಕಾದ್ದು ಮಲ್ಟಿಮೀಟರ್. ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ಅವರಿಗೆ ಬೇರೆ ಬೇರೆ ಮೀಟರುಗಳನ್ನು ಹೊತ್ತು ತಿರುಗಿ ಸಾಕಾಗಿತ್ತು. ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದರು. 1923ರಲ್ಲಿ ಅದು ‘ಆವೊ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಆಂಪಿಯರ್, ವೋಲ್ಟ್, ಓಮ್ ಎಂಬ ಮೂರರ ಮೊದಲ ಅಕ್ಷರಗಳಿಂದ ಆದ ಹೆಸರು. ನಮ್ಮ ಎಡದಂಡೆ ಕಾಲುವೆಯನ್ನು ನೆನೆಯಿರಿ: ನೀರನ್ನು ನೂಕುವ ಎತ್ತರದಂತೆ ವೋಲ್ಟ್, ಹರಿಯುವ ನೀರಿನಂತೆ ಆಂಪಿಯರ್, ದಾರಿಯ ಅಡ್ಡಿಯಂತೆ ಓಮ್.

ನಮ್ಮೊಬ್ಬರಿಗೇ ಆದರೆ ಯಾವ ಮೀಟರಾದರೂ ನಡೆದೀತು. ಹತ್ತಾರು ಕೈಗೆ ಹೋಗುವ ಮೀಟರನ್ನು ಎಲ್ಲರಿಗಿಂತ ಕಡಿಮೆ ಬಲ್ಲವರ ಕೈ ನೆನೆದು ಕೊಳ್ಳಬೇಕು. ಮೂರು ಸಂಗತಿ ನೋಡಿ.

ಒಂದು, ‘ಕ್ಯಾಟ್’ ಎಂಬ ಗುರುತು. ಮನೆಯ ವಿದ್ಯುತ್ತು 230 ವೋಲ್ಟ್. ಆದರೆ ಸಿಡಿಲಿನ ಹೊತ್ತಿನಲ್ಲಿ ಒಮ್ಮೆಲೇ ಅದರ ಎಷ್ಟೋ ಪಟ್ಟು ಏರಬಹುದು. ಆ ಹೊಡೆತವನ್ನು ಮೀಟರ್ ಎಲ್ಲಿ ತಡೆದೀತು ಎಂದು ಈ ಗುರುತು ಹೇಳುತ್ತದೆ. ಪ್ಲಗ್ಗಿಗೆ ಸಿಕ್ಕಿಸುವ ಸಾಮಾನಿಗೆ ಕ್ಯಾಟ್ 2, ಮನೆಯ ವಿದ್ಯುತ್ ಬೋರ್ಡಿಗೆ ಕ್ಯಾಟ್ 3. ಅಗ್ಗದ ಮೀಟರಿನ ಮೇಲೆ ಸುಳ್ಳು ಗುರುತು ಅಚ್ಚಾಗಿರುವುದೂ ಉಂಟು. ಸ್ವತಂತ್ರ ಪರೀಕ್ಷಾ ಸಂಸ್ಥೆಯ ಮುದ್ರೆ ಇದೆಯೇ ನೋಡಿ.

ಎರಡು, ಒಳಗಿನ ಫ್ಯೂಸು. ಆಂಪಿಯರ್ ಅಳೆಯುವ ತೂತಿನಲ್ಲಿ ಕೆಂಪು ತಂತಿ ಬಿಟ್ಟು, ಹಾಗೆಯೇ ಪ್ಲಗ್ಗಿನ ವೋಲ್ಟ್ ಅಳೆಯಲು ಹೋದರೆ ಶಾರ್ಟ್ ಆಗುತ್ತದೆ. ಕೂಡು ಕಾರ್ಯಾಗಾರದಲ್ಲಿ ಒಂದಲ್ಲ ಒಂದು ದಿನ ಯಾರಾದರೂ ಹೀಗೆ ಮಾಡುತ್ತಾರೆ. ಸರಿಯಾದ ಫ್ಯೂಸಿದ್ದರೆ ಅದು ಮಾತ್ರ ಹೋಗುತ್ತದೆ, ಕೈ ಉಳಿಯುತ್ತದೆ. ಸುಟ್ಟ ಫ್ಯೂಸಿನ ಜಾಗದಲ್ಲಿ ತಂತಿ ಸುತ್ತಬಾರದು.

ಮೂರು, ಅಳೆಯುವ ಕಡ್ಡಿಗಳು. ಬೆರಳು ಜಾರದಂತೆ ಅಂಚು ಇರಬೇಕು, ತುದಿಯ ಲೋಹ ಗಿಡ್ಡವಾಗಿರಬೇಕು, ಹೊದಿಕೆ ಸೀಳಿರಬಾರದು.

ತುಂಬ ದುಬಾರಿಯಾದ ಒಂದೇ ಮೀಟರಿಗಿಂತ ಒಳ್ಳೆಯ ಎರಡು ಮೇಲು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ ಲೆಕ್ಕ ಮುಗಿಯುತ್ತಿರಲಿಲ್ಲ. ಮೀಟರಿಗೂ ಅದೇ ನ್ಯಾಯ. ಸೊನ್ನೆ ತೋರಿಸಿತೆಂದರೆ ತಂತಿಯಲ್ಲಿ ವಿದ್ಯುತ್ ಇಲ್ಲ ಎಂದೇ ಅರ್ಥವಲ್ಲ. ಮೀಟರಿನ ಕಡ್ಡಿಯ ತಂತಿಯೇ ಒಳಗೆ ಕಡಿದಿರಬಹುದು. ಅದನ್ನು ನಂಬಿ ಮುಟ್ಟಿದವರ ಪ್ರಾಣ ಹೋದೀತು. ಆದ್ದರಿಂದ ಬಲ್ಲ ಎಲೆಕ್ಟ್ರಿಷಿಯನ್ನರು ಮೊದಲು ವಿದ್ಯುತ್ ಇದೆಯೆಂದು ಗೊತ್ತಿರುವ ಕಡೆ ಮೀಟರ್ ಪರೀಕ್ಷಿಸಿ, ಆಮೇಲೆ ಬೇಕಾದ ತಂತಿಯನ್ನು ಅಳೆದು, ಮತ್ತೆ ಗೊತ್ತಿರುವ ಕಡೆಗೇ ಬಂದು ಮೀಟರನ್ನು ನೋಡುತ್ತಾರೆ.

ಎರಡನೆಯ ಖರೀದಿ, ವೋಲ್ಟ್ ಮತ್ತು ಹರಿವು ಎರಡಕ್ಕೂ ಮಿತಿ ಇಡಬಹುದಾದ ಪವರ್ ಸಪ್ಲೈ. ಮಿತಿ ಕಡಿಮೆ ಇಟ್ಟು ಜೋಡಿಸಿದರೆ ತಪ್ಪು ಜೋಡಣೆಯಿಂದ ಸಾಮಾನು ಸುಡುವುದು ಕಡಿಮೆ. ಆಸಿಲೋಸ್ಕೋಪ್ ಕೊನೆಗೆ ಬರಲಿ, ಅದೂ ಕಲಿಸುವವರು ಸಿಕ್ಕ ಮೇಲೆ. ಸಾಮಾನ್ಯವಾಗಿ ಅದರ ನೆಲದ ಕ್ಲಿಪ್ಪು ಒಳಗೇ ಅರ್ತಿಂಗಿಗೆ ಸೇರಿರುತ್ತದೆ. ಮನೆಯ ವಿದ್ಯುತ್ತಿಗೆ ತಗುಲಿಸಿದರೆ ಅಪಾಯ.

ಅಜ್ಜಂದಿರೇ, ಅಜ್ಜಿಯರೇ, ಒಂದು ದಪ್ಪ ನೋಟುಪುಸ್ತಕದ ಹೊಣೆ ನಿಮ್ಮದಾಗಲಿ. ಯಾರು ಒಯ್ದರು, ಯಾವಾಗ ತಂದರು, ಬ್ಯಾಟರಿ ಎಂದು ಬದಲಾಯಿತು, ಕಡ್ಡಿ ಸರಿಯಿದೆಯೇ ಎಂದು ಬರೆದಿಡಿ.

ಮಕ್ಕಳೇ, ನಿಮಗೆ ಸೆಲ್ಲಿನಿಂದ ನಡೆಯುವ ಸಾಮಾನು ಮಾತ್ರ. ಗೋಡೆಯ ಪ್ಲಗ್ಗು, ಗದ್ದೆಯ ಪಂಪ್‌ಸೆಟ್ಟು ಮುಟ್ಟಬೇಡಿ. ಈ ವಾರದ ಕೆಲಸ ಇಷ್ಟು: ಹಿರಿಯರ ಎದುರಿನಲ್ಲಿ ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಹೊಸ ಪೆನ್ಸಿಲ್ ಸೆಲ್ಲನ್ನು ಅಳೆಯಿರಿ. 1.5 ವೋಲ್ಟಿಗಿಂತ ತುಸು ಹೆಚ್ಚು ಬರಬೇಕು. ಆಮೇಲೆ ಹಳೆಯ ಸೆಲ್ಲು, ಮತ್ತೆ ಹೊಸದು. ಮೂರೂ ಅಂಕಿಗಳನ್ನು ಬರೆದು, ಹೊಸದನ್ನು ಎರಡು ಸಲ ಅಳೆದದ್ದೇಕೆ ಎಂದು ಅಜ್ಜಿಗೆ ವಿವರಿಸಿ.