ಕ್ಯಾಮೆರಾ ಕೊಳ್ಳುವ ಮುನ್ನ

ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿ ಮಾಡಿ, ‘ಸಾರ್, ಫೋಟೋಗೂ ವಿಡಿಯೋಗೂ ಒದಗುವಂಥ ಫುಲ್‌ಫ್ರೇಮ್ ಕ್ಯಾಮೆರಾ ಯಾವುದು ಕೊಳ್ಳಲಿ?’ ಎಂದು ಕೇಳಿದ. ಉತ್ತರ ಎಲ್ಲರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಫುಲ್‌ಫ್ರೇಮ್ ಎಂದರೆ ಹಳೆಯ ರೀಲು ಕ್ಯಾಮೆರಾದ ಚೌಕಟ್ಟಿನಷ್ಟೇ, ಅಂದರೆ ಸುಮಾರು 36x24 ಮಿ.ಮೀ. ಅಳತೆಯ ಸೆನ್ಸರ್ ಉಳ್ಳದ್ದು. ಮಂದ ಬೆಳಕಿನಲ್ಲಿ ಅದರ ಹಿರಿಮೆ ನಿಜ. 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದಂದಿನಿಂದ ಇಂಥ ಕ್ಯಾಮೆರಾಗಳು ವಿಡಿಯೋವನ್ನೂ ತೆಗೆಯುತ್ತಿವೆ. ಆದರೆ ಮೆಗಾಪಿಕ್ಸೆಲ್ ಲೆಕ್ಕಕ್ಕೆ ಮರುಳಾಗಬಾರದು. 4ಕೆ ವಿಡಿಯೋದ ಒಂದು ಚೌಕಟ್ಟಿನಲ್ಲಿರುವುದು ಸುಮಾರು 83 ಲಕ್ಷ ಬಿಂದುಗಳು. 24 ಮೆಗಾಪಿಕ್ಸೆಲ್ ಎಂದರೆ 2.4 ಕೋಟಿ. ಮನೆಮಂದಿಯ ಚಿತ್ರಗಳಿಗೆ ಅದು ಧಾರಾಳ.

ಹಣವನ್ನೆಲ್ಲ ಕ್ಯಾಮೆರಾಕ್ಕೇ ಸುರಿಯದೆ ಒಂದು ಒಳ್ಳೆಯ ಲೆನ್ಸಿಗೂ ಮೈಕಿಗೂ ಉಳಿಸಿಕೊಳ್ಳಿ. ಮೈಕ್ ಮತ್ತು ಹೆಡ್‌ಫೋನ್ ಸಿಕ್ಕಿಸಲು ಜಾಗವಿದೆಯೇ, 4ಕೆ ತೆಗೆಯುವಾಗ ದೃಶ್ಯದ ಅಂಚು ಕತ್ತರಿಸಿಹೋಗುವುದೇ ಎಂಬುದನ್ನು ಅಂಗಡಿಯಲ್ಲೇ ಪರೀಕ್ಷಿಸಿ.

ಇದು ಪೆಟ್ಟು ತಿಂದವನ ಮಾತು. ನನ್ನ ತಾಯಿ ಕೊನೆಯ ಬಾರಿ ಸೋಬಾನೆ ಹಾಡಿದ್ದನ್ನು ನಾನೇ ಚಿತ್ರೀಕರಿಸಿದ್ದೆ. ಮುಖದ ಒಂದೊಂದು ಸುಕ್ಕೂ ಸ್ಪಷ್ಟ. ಹಾಡು ಮಾತ್ರ ಫ್ಯಾನಿನ ಸದ್ದಿನಲ್ಲಿ ಮುಳುಗಿಹೋಗಿದೆ. ಅಂದು ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿದ್ದರೆ ಎದ್ದು ಫ್ಯಾನ್ ಆರಿಸುತ್ತಿದ್ದೆ.