ಪ್ಲಾಸ್ಟಿಕ್ ಪಿಸ್ತೂಲು ‘ಗ್ಲಾಕ್’: ಪರದೆ ಸರಳು ಮಾಡುತ್ತಿದ್ದವನ ಬಂದೂಕು ಮುಂಬೈವರೆಗೆ ಬಂದಿದ್ದು ಹೇಗೆ?

ಮುಂಬೈ: 2025ರ ಏಪ್ರಿಲ್‌ನಲ್ಲಿ ಚೆಂಬೂರಿನ ಡೈಮಂಡ್ ಗಾರ್ಡನ್ ಬಳಿ, ಕಾರಿನಲ್ಲಿ ಹೋಗುತ್ತಿದ್ದ ಉದ್ಯಮಿಯೊಬ್ಬರ ಮೇಲೆ ಬೈಕ್‌ನಲ್ಲಿ ಬಂದವರು ಗುಂಡು ಹಾರಿಸಿದರು. ಅದಕ್ಕೆ ಆರು ತಿಂಗಳ ಹಿಂದೆ, 2024ರ ಅಕ್ಟೋಬರ್ 12ರಂದು, ಬಾಂದ್ರಾದಲ್ಲಿ ಮಾಜಿ ಸಚಿವ ಬಾಬಾ ಸಿದ್ದೀಕಿ ಹತ್ಯೆಯಾಗಿತ್ತು. ಅದೇ ವರ್ಷದ ಏಪ್ರಿಲ್ 14ರಂದು ನಟ ಸಲ್ಮಾನ್ ಖಾನ್ ಮನೆ ಮುಂದೆ ಗುಂಡಿನ ಸದ್ದು ಕೇಳಿತ್ತು. ಮೂರೂ ಬೇರೆ ಬೇರೆ ಪ್ರಕರಣಗಳು. ಆದರೆ ಜನರ ಪ್ರಶ್ನೆ ಒಂದೇ: ಈ ಪಿಸ್ತೂಲುಗಳು ನಗರಕ್ಕೆ ಬರುತ್ತಿರುವುದಾದರೂ ಎಲ್ಲಿಂದ?

ಸಿದ್ದೀಕಿ ಪ್ರಕರಣದಲ್ಲಿ ಪೊಲೀಸರು ವಶಪಡಿಸಿಕೊಂಡ ಪಿಸ್ತೂಲುಗಳಲ್ಲಿ ಒಂದು ‘ಗ್ಲಾಕ್’ ಎಂದು ವರದಿಯಾಗಿತ್ತು. ಜಗತ್ತಿನ ಹಲವು ಪೊಲೀಸ್ ಪಡೆಗಳು ನೆಚ್ಚಿಕೊಂಡ ಅಸ್ತ್ರವೇ ಸುಪಾರಿ ಹಂತಕರ ಕೈಗೂ ಸಿಗುತ್ತಿದೆ ಎಂದರೆ, ಆ ಅಸ್ತ್ರದ ಕಥೆಯನ್ನು ತಿಳಿಯಲೇಬೇಕು.

ಬಂದೂಕು ಗೊತ್ತಿಲ್ಲದವನ ಬಂದೂಕು

ಗ್ಯಾಸ್ಟನ್ ಗ್ಲಾಕ್ ಆಸ್ಟ್ರಿಯಾದ ಎಂಜಿನಿಯರ್. 1963ರಲ್ಲಿ ಅವರು ಕಟ್ಟಿದ ಕಂಪನಿ ಪರದೆ ಕಟ್ಟುವ ಸರಳು, ಸೇನೆಗೆ ಚಾಕುಗಳಂಥ ವಸ್ತುಗಳನ್ನು ತಯಾರಿಸುತ್ತಿತ್ತು. ಆಸ್ಟ್ರಿಯಾ ಸೇನೆ ತನ್ನ ಹಳೆಯ ವಾಲ್ಥರ್ ಪಿಸ್ತೂಲುಗಳನ್ನು ಬದಲಿಸಲು ಹೊರಟಾಗ ಗ್ಲಾಕ್ ಕೂಡ ಸ್ಪರ್ಧೆಗೆ ಇಳಿದರು. ಆಗ ಅವರಿಗೆ ಐವತ್ತರ ಆಸುಪಾಸು. ಅದಕ್ಕೂ ಮುನ್ನ ಒಂದೇ ಒಂದು ಪಿಸ್ತೂಲು ಮಾಡಿದವರಲ್ಲ. 1982ರಲ್ಲಿ ಸೇನೆ ಒಪ್ಪಿದ್ದು ಅವರ ವಿನ್ಯಾಸವನ್ನೇ. ಅದು ಅವರ 17ನೇ ಪೇಟೆಂಟ್ ಆಗಿದ್ದರಿಂದ ‘ಗ್ಲಾಕ್ 17’ ಎಂಬ ಹೆಸರು ಬಂತು.

ಪಾಲಿಮರ್ ಬಳಸಿದ ಮೊದಲ ಪಿಸ್ತೂಲು ಇದಲ್ಲ. ಜರ್ಮನಿಯ ಹೆಕ್ಲರ್ ಆ್ಯಂಡ್ ಕಾಕ್ ಕಂಪನಿ 1970ರಲ್ಲೇ ಅಂಥದ್ದನ್ನು ತಂದಿತ್ತು. ಅದು ನಿಲ್ಲಲಿಲ್ಲ, ಗ್ಲಾಕ್ ನಿಂತಿತು. ಕಾರಣ ಸರಳ. ಹಿಡಿಕೆ ಮತ್ತು ಚೌಕಟ್ಟು ನೈಲಾನ್ ಜಾತಿಯ ಪಾಲಿಮರ್‌ನದು, ಹೀಗಾಗಿ ತುಕ್ಕಿನ ಭಯವಿಲ್ಲ, ಭಾರವೂ ಕಡಿಮೆ. ಬಿಡಿಭಾಗಗಳು ಕೆಲವೇ, ಬಿಚ್ಚಿ ಒರೆಸುವುದು ಸುಲಭ. ಮ್ಯಾಗಜೀನ್‌ನಲ್ಲಿ 17 ಗುಂಡು ಹಿಡಿಸುತ್ತದೆ. ಬ್ರೌನಿಂಗ್ ಮಾದರಿಯನ್ನು ಅನುಸರಿಸಿ ನಮ್ಮ ಇಛಾಪುರ ರೈಫಲ್ ಕಾರ್ಖಾನೆ ತಯಾರಿಸುವ 9 ಎಂಎಂ ಪಿಸ್ತೂಲಿನ ಮ್ಯಾಗಜೀನ್‌ಗೆ 13 ಗುಂಡು.

ಎಂಬತ್ತರ ದಶಕದಲ್ಲಿ ಅಮೆರಿಕಕ್ಕೆ ಕಾಲಿಟ್ಟಾಗ ಗ್ಲಾಕ್ ದೊಡ್ಡ ಗಾಬರಿ ಹುಟ್ಟಿಸಿತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಈ ‘ಪ್ಲಾಸ್ಟಿಕ್ ಗನ್’ ಸಿಕ್ಕಿಬೀಳುವುದಿಲ್ಲ ಎಂಬ ಸುದ್ದಿ ಹಬ್ಬಿತು. ವಾಸ್ತವದಲ್ಲಿ ಅದರ ನಳಿಕೆ ಮತ್ತು ಮೇಲ್ಭಾಗ ಉಕ್ಕಿನದು, ತೂಕದ ಬಹುಪಾಲು ಲೋಹವೇ. ಆದರೂ 1988ರಲ್ಲಿ ಲೋಹಶೋಧಕಕ್ಕೆ ಸಿಗದ ಬಂದೂಕುಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಮೆರಿಕ ತಂದಿತು. ಈ ಗದ್ದಲ ಗ್ಲಾಕ್‌ಗೆ ಪುಕ್ಕಟೆ ಪ್ರಚಾರವಾಯಿತು. ಅಲ್ಲಿನ ಪೊಲೀಸ್ ಇಲಾಖೆಗಳು ಒಂದರ ಹಿಂದೆ ಒಂದರಂತೆ ರಿವಾಲ್ವರ್ ಬಿಟ್ಟು ಗ್ಲಾಕ್ ಹಿಡಿದವು. ಗ್ಯಾಸ್ಟನ್ ಗ್ಲಾಕ್ 2023ರ ಡಿಸೆಂಬರ್ 27ರಂದು, 94ನೇ ವಯಸ್ಸಿನಲ್ಲಿ ತೀರಿಕೊಂಡರು.

26/11 ಕಲಿಸಿದ ಪಾಠ

2008ರ ನವೆಂಬರ್ 26ರ ರಾತ್ರಿ ಸಿಎಸ್‌ಟಿ ರೈಲು ನಿಲ್ದಾಣದಲ್ಲಿ ಎಕೆ ರೈಫಲ್ ಹಿಡಿದ ಉಗ್ರರ ಎದುರು ನಮ್ಮ ಪೊಲೀಸರ ಕೈಯಲ್ಲಿ ಇದ್ದದ್ದು ಹಳೇ ಕಾಲದ .303 ರೈಫಲ್, ಲಾಠಿ. ಎನ್‌ಎಸ್‌ಜಿ ಕಮಾಂಡೊಗಳ ಬಳಿ ಎಂಪಿ5 ಮತ್ತು ಗ್ಲಾಕ್ ಇದ್ದವು, ಆದರೆ ಅವರು ದಿಲ್ಲಿಯಿಂದ ಬರಬೇಕಿತ್ತು. ಆ ಕಾರ್ಯಾಚರಣೆಯಲ್ಲೇ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್ ಹೋಟೆಲ್‌ನಲ್ಲಿ ಹುತಾತ್ಮರಾದರು. ಮರುವರ್ಷ ಮಹಾರಾಷ್ಟ್ರ ಸರ್ಕಾರ ‘ಫೋರ್ಸ್ ಒನ್’ ಪಡೆ ಕಟ್ಟಿ ಆಧುನಿಕ ಶಸ್ತ್ರ ಕೊಟ್ಟಿತು.

ಅಂದರೆ ಒಳ್ಳೆಯ ಶಸ್ತ್ರ ಪೊಲೀಸರಿಗೆ ಬೇಕೇ ಬೇಕು ಎಂಬ ಮಾತು ಇತ್ಯರ್ಥವಾಗಿದೆ. ಬಾಕಿ ಉಳಿದಿರುವುದು ಅದೇ ಶಸ್ತ್ರ ಕಳ್ಳದಾರಿಯಲ್ಲಿ ಎದುರು ಪಾಳಯಕ್ಕೆ ಹೋಗದಂತೆ ತಡೆಯುವ ಕೆಲಸ.

ಚೆಂಬೂರಿಗೆ ಇದು ಹೊಸ ಭಯವಲ್ಲ

ಗ್ಯಾಂಗ್‌ಸ್ಟರ್ ಛೋಟಾ ರಾಜನ್ ಬೆಳೆದದ್ದು ಚೆಂಬೂರಿನ ತಿಲಕ್ ನಗರದಲ್ಲಿ. ಕರ್ನಾಟಕ ಸಂಘ ಕಟ್ಟಿ, ಶಾಲೆ ನಡೆಸಿ, ಹೋಟೆಲ್ ಇಟ್ಟು ಬದುಕು ಕಟ್ಟಿಕೊಂಡ ಕನ್ನಡಿಗರಿಗೂ ಅದೇ ಚೆಂಬೂರು ಮನೆ. ತೊಂಬತ್ತರ ದಶಕದಲ್ಲಿ ಮುಂಬೈನ ಕರಾವಳಿ ಮೂಲದ ಹೋಟೆಲ್ ಮಾಲೀಕರಿಗೆ ಹಫ್ತಾ ಕರೆ ಎಂದರೆ ನಿತ್ಯದ ತಲೆನೋವು. 2001ರ ಮೇ ತಿಂಗಳಲ್ಲಿ ಗಾಮದೇವಿಯ ಹೋಟೆಲ್ ಮಾಲೀಕರೊಬ್ಬರನ್ನು ಗುಂಡಿಟ್ಟು ಕೊಲ್ಲಲಾಯಿತು. ಆ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ ರಾಜನ್‌ಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ಮೇ ತಿಂಗಳಲ್ಲಿ. ತೀರ್ಪಿಗೆ 23 ವರ್ಷ ಹಿಡಿಯಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ನಮ್ಮಲ್ಲಿ ಹೆಚ್ಚು ಜೀವ ತೆಗೆಯುತ್ತಿರುವುದು ಗ್ಲಾಕ್ ಅಲ್ಲ, ನಾಡ ಪಿಸ್ತೂಲು. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಗೆ ಒಂದೇ 7.65 ಎಂಎಂ ನಾಡ ಪಿಸ್ತೂಲು ಬಳಕೆಯಾಗಿದೆ ಎಂದು ವಿಧಿವಿಜ್ಞಾನ ವರದಿ ಹೇಳಿತ್ತು. ಬಿಹಾರದ ಮುಂಗೇರ್, ಮಧ್ಯಪ್ರದೇಶದ ಬಡವಾನಿ, ಖರಗೋನ್ ಕಡೆಯಿಂದ ಬರುವ ಇಂಥ ಪಿಸ್ತೂಲುಗಳು ಅಗ್ಗವಾಗಿ ಸಿಗುತ್ತವೆ. ಗ್ಲಾಕ್‌ನಂಥವು ಬರುವ ದಾರಿ ಬೇರೆ. ಪಂಜಾಬ್ ಗಡಿಯಲ್ಲಿ ಪಾಕಿಸ್ತಾನದ ಕಡೆಯಿಂದ ಡ್ರೋನ್ ಮೂಲಕ ಬಿದ್ದ ಪೊಟ್ಟಣಗಳಲ್ಲಿ ಅವು ಮತ್ತೆ ಮತ್ತೆ ಸಿಕ್ಕಿವೆ.

ಮುಂದೇನು?

ಗ್ಲಾಕ್‌ನ ಮೂಲ ಪೇಟೆಂಟ್‌ಗಳ ಅವಧಿ ಮುಗಿದಿದೆ. ಈಗ ಅದರ ನಕಲನ್ನು ಯಾವ ಕಂಪನಿಯೂ ಮಾಡಬಹುದು. ಅಮೆರಿಕದಲ್ಲಿ ಚೌಕಟ್ಟನ್ನು ಅರೆಬರೆ ಸಿದ್ಧಮಾಡಿ ಕಿಟ್ ರೂಪದಲ್ಲಿ, ಕ್ರಮಸಂಖ್ಯೆಯೇ ಇಲ್ಲದೆ ಮಾರಲಾಯಿತು. ಇವನ್ನು ‘ಘೋಸ್ಟ್ ಗನ್’ ಎನ್ನುತ್ತಾರೆ. ಇಂಥ ಕಿಟ್‌ಗಳ ಮೇಲಿನ ನಿಯಂತ್ರಣವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಸಣ್ಣ ಸಾಧನ ಜೋಡಿಸಿ ಗ್ಲಾಕ್ ಅನ್ನು ಮಷಿನ್‌ಗನ್‌ನಂತೆ ಮಾಡುವ ದಂಧೆಯೂ ಹೆಚ್ಚಿದ್ದರಿಂದ ಷಿಕಾಗೊ ನಗರ 2024ರಲ್ಲಿ ಕಂಪನಿಯ ವಿರುದ್ಧವೇ ಕೋರ್ಟಿಗೆ ಹೋಯಿತು. ಹಾಗೆ ಬದಲಿಸಬಹುದಾದ ಪಿಸ್ತೂಲುಗಳ ಮಾರಾಟಕ್ಕೆ 2026ರ ಜುಲೈ 1ರಿಂದ ತಡೆ ಹಾಕುವ ಕಾಯ್ದೆಗೆ ಕ್ಯಾಲಿಫೋರ್ನಿಯಾ ಗವರ್ನರ್ 2025ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದರು. ಅದೇ ತಿಂಗಳು ಗ್ಲಾಕ್ ತನ್ನ ಹಲವು ಮಾದರಿಗಳನ್ನು ನಿಲ್ಲಿಸಿ ‘ವಿ ಸರಣಿ’ ತರುವುದಾಗಿ ಪ್ರಕಟಿಸಿತು. ನಾಲ್ಕು ದಶಕ ಹೆಚ್ಚೂಕಡಿಮೆ ಬದಲಾಗದೇ ಉಳಿದ ವಿನ್ಯಾಸ ಕೊನೆಗೆ ಕಾನೂನಿನ ಒತ್ತಡಕ್ಕೆ ಬಗ್ಗಿದೆ.

ಭಾರತದ ಕಾನೂನು ಈ ವಿಷಯದಲ್ಲಿ ಮೊದಲಿನಿಂದಲೂ ಬಿಗಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕಿನ ಬಿಡಿಭಾಗ, ಅದನ್ನು ತಯಾರಿಸುವ ಯಂತ್ರ ಕೂಡ ‘ಶಸ್ತ್ರ’ವೇ. 9 ಎಂಎಂ ಸಾಮಾನ್ಯ ನಾಗರಿಕರಿಗೆ ‘ನಿಷೇಧಿತ ಬೋರ್’. ಜೀವಭಯವಿದೆ ಎಂದು ಲೈಸೆನ್ಸ್ ಪಡೆದ ಉದ್ಯಮಿಗೂ ಸಾಮಾನ್ಯವಾಗಿ ಸಿಗುವುದು .32 ರಿವಾಲ್ವರ್ ಅಥವಾ ಪಿಸ್ತೂಲು. 2019ರ ತಿದ್ದುಪಡಿ ಒಬ್ಬರಿಗೆ ಎರಡೇ ಬಂದೂಕು ಎಂದು ಮಿತಿ ಹಾಕಿತು, ಅಕ್ರಮ ತಯಾರಿಕೆಗೆ ಜೀವಾವಧಿವರೆಗೆ ಶಿಕ್ಷೆ ಇಟ್ಟಿತು.

ಕೊರತೆ ಇರುವುದು ಜಾಡು ಹಿಡಿಯುವುದರಲ್ಲಿ. ಲೈಸೆನ್ಸ್ ಇದ್ದವರ ಬಂದೂಕಿಗೆ ರಾಷ್ಟ್ರೀಯ ದತ್ತಾಂಶವಿದೆ, ಗುರುತಿನ ಸಂಖ್ಯೆ ಇದೆ. ಕಳ್ಳ ಪಿಸ್ತೂಲಿಗೆ ಇದ್ಯಾವುದೂ ಇಲ್ಲ. ಗುಂಡು ಹಾರಿಸಿದವನು ಕೆಲವೇ ದಿನಗಳಲ್ಲಿ ಸಿಕ್ಕಿಬೀಳುತ್ತಾನೆ, ಪಿಸ್ತೂಲು ಕೊಟ್ಟವನ ಹೆಸರು ಬಹಳ ಸಲ ‘ತಲೆಮರೆಸಿಕೊಂಡಿದ್ದಾನೆ’ ಎಂಬ ಸಾಲಿನಲ್ಲಿ ಉಳಿದುಬಿಡುತ್ತದೆ. ಗೌರಿ, ಕಲಬುರ್ಗಿ ಪ್ರಕರಣಗಳ ನಡುವಿನ ನಂಟನ್ನು ಬಿಡಿಸಿದ್ದು ಗುಂಡಿನ ಮೇಲಿನ ಗುರುತು. ಪ್ರತಿ ರಾಜ್ಯದಲ್ಲಿ ಸಿಕ್ಕ ಪ್ರತಿ ಗುಂಡು, ಪ್ರತಿ ಖಾಲಿ ತೋಟೆಯ ಗುರುತನ್ನೂ ಮುಂಬೈ, ಬೆಂಗಳೂರು, ಚಂಡೀಗಢದ ಪ್ರಯೋಗಾಲಯಗಳು ಕೂಡಲೇ ಹೋಲಿಸಿ ನೋಡುವ ವ್ಯವಸ್ಥೆ ಬಲಗೊಂಡರೆ, ಅಮೃತಸರದ ಹೊಲದಲ್ಲಿ ಬಿದ್ದ ಪೊಟ್ಟಣಕ್ಕೂ ಬಾಂದ್ರಾದ ರಸ್ತೆಗೂ ನಡುವೆ ಇರುವ ದಲ್ಲಾಳಿಗಳನ್ನು ಹಿಡಿಯಬಹುದು.

ಪಾಲಿಮರ್ ಪಿಸ್ತೂಲು ಇನ್ನಷ್ಟು ಹಗುರವಾಗುತ್ತದೆ, ಅಗ್ಗವಾಗುತ್ತದೆ, 3ಡಿ ಪ್ರಿಂಟರ್‌ನಲ್ಲೂ ಅದರ ಭಾಗಗಳು ಮೂಡುತ್ತವೆ. ಅದನ್ನು ಯಾರೂ ತಡೆಯಲಾರರು. ಆದರೆ ಗುಂಡಿಲ್ಲದೆ ಪಿಸ್ತೂಲು ಬರೀ ಆಟಿಕೆ, ದಲ್ಲಾಳಿ ಇಲ್ಲದೆ ಅದು ಹಂತಕನ ಕೈಗೆ ಬರುವುದಿಲ್ಲ. ಚೆಂಬೂರಿನಲ್ಲಿ ರಾತ್ರಿ ಅಂಗಡಿ ಬಾಗಿಲು ಹಾಕಿ ಮನೆಗೆ ಹೊರಡುವ ಹೋಟೆಲ್ ಮಾಲೀಕನ ಸುರಕ್ಷತೆ ನಿಂತಿರುವುದು ಆ ಎರಡು ಕೊಂಡಿಗಳನ್ನು ಪೊಲೀಸರು ಎಷ್ಟು ಬೇಗ ಕಡಿಯುತ್ತಾರೆ ಎಂಬುದರ ಮೇಲೆ.