ಆದೇಶ ವೈದ್ಯರದ್ದು, ಹೊಣೆ ಶುಶ್ರೂಷಕಿಯದ್ದು

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಸೆಕ್ಷನ್ ವೈದ್ಯರ ಹಿತದೃಷ್ಟಿಯಿಂದ ಸಾಕಷ್ಟು ಚರ್ಚೆಯಾಯಿತು. ಅದೇ ಸೆಕ್ಷನ್ ಶುಶ್ರೂಷಕಿಯರಿಗೆ ಏನು ಮಾಡಿದೆ ಎಂಬುದು ಮಾತ್ರ ಚರ್ಚೆಯ ಅಂಚಿಗೂ ಬರಲಿಲ್ಲ.

ಹಿಂದಿನ ಭಾರತೀಯ ದಂಡ ಸಂಹಿತೆಯ 304ಎ ಪ್ರಕಾರ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಯಾರಿಗೇ ಆಗಲಿ ಗರಿಷ್ಠ ಶಿಕ್ಷೆ ಎರಡು ವರ್ಷ. ಈಗ ಅದು ಐದು ವರ್ಷ. ಚಿಕಿತ್ಸೆಯ ವೇಳೆ ನೋಂದಾಯಿತ ವೈದ್ಯರಿಂದ ಪ್ರಮಾದವಾದರೆ ಮಾತ್ರ ಎರಡು ವರ್ಷ. ಯಾರು ನೋಂದಾಯಿತ ವೈದ್ಯರೆಂಬುದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಗೆ ತಳಕು ಹಾಕಲಾಗಿದೆ. ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಮದ್ದು ಹೇಳಿದವರಿಗೆ ಒಂದು ತಕ್ಕಡಿ, ಕೊಟ್ಟವರಿಗೆ ಇನ್ನೊಂದು!

ಈ ಹಿನ್ನೆಲೆಯಲ್ಲಿ ನರ್ಸಿಂಗ್ ಕಾಲೇಜುಗಳ ಮೊದಲ ವರ್ಷದ ಪಾಠಗಳಿಗೆ ಬೇರೆಯೇ ತೂಕ ಬಂದಿದೆ. ಸರಿಯಾದ ರೋಗಿ, ಔಷಧ, ಪ್ರಮಾಣ, ಮಾರ್ಗ, ವೇಳೆ ಎಂಬ ಐದು ಅಂಶಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಒಪ್ಪಿಸಬಲ್ಲರು. ಆದರೆ ‘ನೀವು ರಾಮಪ್ಪನವರಾ?’ ಎಂದು ಕೇಳಿದರೆ ಕಿವಿ ಮಂದವಾದ ವೃದ್ಧರು ಯಾವ ಹೆಸರಿಗೂ ಹೂಂಗುಟ್ಟುತ್ತಾರೆ. ‘ನಿಮ್ಮ ಹೆಸರೇನು?’ ಎಂದು ಕೇಳಿ, ಕೈಪಟ್ಟಿಯ ಸಂಖ್ಯೆಯನ್ನು ಚೀಟಿಯೊಂದಿಗೆ ತಾಳೆ ನೋಡಬೇಕು. ಹಾಸಿಗೆ ಸಂಖ್ಯೆ ಗುರುತಲ್ಲ, ಹಾಸಿಗೆಯಲ್ಲಿರುವವರು ಬದಲಾಗುತ್ತಿರುತ್ತಾರೆ.

ಹೆಚ್ಚಿನ ಅಪಾಯವಿರುವುದು ಬಾಯಿಮಾತಿನ ಆದೇಶದಲ್ಲಿ. ನಡುರಾತ್ರಿ ಫೋನಿನಲ್ಲಿ ‘ಫಿಫ್ಟೀನ್’ ಎಂದದ್ದು ‘ಫಿಫ್ಟಿ’ ಎಂದು ಕೇಳಿಸಬಹುದು. ಇನ್ಸುಲಿನ್ 10ರ ಮುಂದೆ ಯೂನಿಟ್ ಎಂಬುದಕ್ಕೆ ಗೀಚಿದ ‘ಯು’ ಅಕ್ಷರ ಸೊನ್ನೆಯಂತೆ ಕಂಡರೆ ಅದು 100. ಆದೇಶವನ್ನು ಬರೆದುಕೊಂಡು, ‘ಒಂದು, ಐದು, ಹದಿನೈದು’ ಎಂದು ಮರಳಿ ಓದಿ, ಹೌದೆನ್ನಿಸಿಕೊಂಡ ಬಳಿಕವೇ ಮದ್ದು ಕೊಡಬೇಕೆಂಬುದು ನಿಯಮ. ಬೆಳಗ್ಗೆ ವೈದ್ಯರು ಬಂದು ಸಹಿ ಹಾಕದಿದ್ದರೆ, ರಾತ್ರಿ ಏನು ಹೇಳಲಾಯಿತು ಎಂಬುದಕ್ಕೆ ಉಳಿಯುವುದು ಶುಶ್ರೂಷಕಿಯ ಕೈಬರಹವೊಂದೇ.

ಮರಳಿ ಓದುವ ಧೈರ್ಯ ಎಲ್ಲಿಂದ ಬರಬೇಕು? ವಾರ್ಡಿನ ಶ್ರೇಣಿಯಲ್ಲಿ ವಿದ್ಯಾರ್ಥಿನಿ ಕಟ್ಟಕಡೆಯವಳು. ಪ್ರಶ್ನೆ ಕೇಳಿದರೆ ಗದರಿಕೆ. ಅಮೆರಿಕದ ಜಲಾಂತರ್ಗಾಮಿ ನೌಕೆಗಳಿಂದ ಆಸ್ಪತ್ರೆಗಳಿಗೆ ಬಂದ ‘ಎಸ್‌ಬಿಎಆರ್’ ಕ್ರಮ ಇಂಥ ಶ್ರೇಣಿಯನ್ನು ದಾಟಲೆಂದೇ ಇದೆ: ಈಗಿನ ಸ್ಥಿತಿ, ಹಿನ್ನೆಲೆ, ತನ್ನ ಅಂದಾಜು, ಆಗಬೇಕಾದದ್ದು. ‘ರೋಗಿ ಯಾಕೋ ಸರಿಯಿಲ್ಲ ಸಾರ್’ ಎಂಬುದಕ್ಕಿಂತ ‘ನಿನ್ನೆ ಶಸ್ತ್ರಚಿಕಿತ್ಸೆ ಆದವರು, ಬಿಪಿ 80/50, ರಕ್ತಸ್ರಾವದ ಶಂಕೆ, ತಕ್ಷಣ ಬನ್ನಿ’ ಎಂಬುದು ವೈದ್ಯರನ್ನು ಎಬ್ಬಿಸುತ್ತದೆ.

ಶಿಕ್ಷೆಯ ಭಯದಿಂದ ಸುರಕ್ಷತೆ ಹೆಚ್ಚುತ್ತದೆ ಎಂಬ ವಾದವೂ ಇದೆ. ಅಮೆರಿಕದ ನ್ಯಾಶ್‌ವಿಲ್‌ನ ಪ್ರಕರಣ ಅದನ್ನು ಸಮರ್ಥಿಸುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಅಲ್ಲಿನ ಶುಶ್ರೂಷಕಿಯೊಬ್ಬರು ಔಷಧ ಯಂತ್ರದಲ್ಲಿ ಹೆಸರಿನ ಮೊದಲೆರಡು ಅಕ್ಷರ ಒತ್ತಿ, ಆತಂಕ ಶಮನದ ‘ವರ್ಸೆಡ್’ ಬದಲು ಸ್ನಾಯುಗಳನ್ನು ಸ್ತಬ್ಧಗೊಳಿಸುವ ‘ವೆಕ್ಯುರೋನಿಯಂ’ ತೆಗೆದರು. ಸೀಸೆಯ ಎಚ್ಚರಿಕೆಯನ್ನು ಗಮನಿಸಲಿಲ್ಲ. 75 ವರ್ಷದ ರೋಗಿ ಸಾವಿಗೀಡಾದರು. ತಪ್ಪನ್ನು ಅವರೇ ಒಪ್ಪಿಕೊಂಡಿದ್ದರೂ 2022ರಲ್ಲಿ ನ್ಯಾಯಾಲಯ ಅಪರಾಧಿ ಎಂದು ಘೋಷಿಸಿ, ಮೂರು ವರ್ಷಗಳ ಪ್ರೊಬೇಷನ್ ವಿಧಿಸಿತು. ಇನ್ನು ಮುಂದೆ ತಪ್ಪುಗಳು ವರದಿಯಾಗದೆ ಮುಚ್ಚಿಹೋಗುತ್ತವೆ ಎಂದು ಅಲ್ಲಿನ ಶುಶ್ರೂಷಕರ ಸಂಘಟನೆಗಳು ಆತಂಕ ವ್ಯಕ್ತಪಡಿಸಿದವು. ಗರಿಷ್ಠ ಶಿಕ್ಷೆಯನ್ನು ಐದು ವರ್ಷಕ್ಕೇರಿಸಿದ ಇಲ್ಲಿ ಈ ಆತಂಕ ಅಷ್ಟೇ ಸಹಜ.

ಕರ್ನಾಟಕದಲ್ಲಿ ಭಾಷೆಯ ತೊಡಕು ಬೇರೆ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪರಿಷ್ಕೃತ ಬಿ.ಎಸ್ಸಿ. ಪಠ್ಯಕ್ರಮದ ಮೊದಲ ಸೆಮಿಸ್ಟರ್‌ನಲ್ಲಿ ಸಂವಹನ ಇಂಗ್ಲಿಷ್ ಪ್ರತ್ಯೇಕ ವಿಷಯವಾಗಿದೆ. ಆದರೆ ರೋಗಿಗಳು ಇಂಗ್ಲಿಷಿನಲ್ಲಿ ನರಳುವುದಿಲ್ಲ. ಇಲ್ಲಿನ ಕಾಲೇಜುಗಳಲ್ಲಿ ಕೇರಳವೂ ಸೇರಿದಂತೆ ಹೊರರಾಜ್ಯಗಳ ವಿದ್ಯಾರ್ಥಿಗಳು ಗಣನೀಯವಾಗಿದ್ದಾರೆ. ರೋಗಿ ‘ಸಂಕಟ’ ಎಂದರೆ ಅದು ಎದೆಯ ನೋವೋ, ವಾಕರಿಕೆಯೋ, ಉಸಿರಾಟದ ಕಷ್ಟವೋ? ‘ಎಲ್ಲಿ, ಯಾವಾಗಿನಿಂದ, ಹೇಗೆ’ ಎಂದು ಕನ್ನಡದಲ್ಲಿ ಮರುಪ್ರಶ್ನೆ ಕೇಳಲು ಬಾರದಿದ್ದರೆ, ರೋಗಿಯ ದಾಖಲೆಯಲ್ಲಿ ಊಹೆಯೇ ಇಂಗ್ಲಿಷ್ ಪದವಾಗಿ ಕೂರುತ್ತದೆ. ಮುಂದಿನ ಪಾಳಿಯವರು ಅದನ್ನೇ ನಂಬಿ ಮದ್ದು ಕೊಡುತ್ತಾರೆ.